ಕತ್ತಿಗಿಟ್ಟ ಬೊಟ್ಟು

ಅಥವಾ ಲವಂಗದ ವಾಸನೆ ಆಮೇಲೆ ಬಂದು ಸೇರಿಕೊಂಡದ್ದೂ ಇರಬಹುದು. ಯಾಕೆಂದರೆ ಆ ಕತ್ತಿಯನ್ನು ಮೊದಲ ಸಲ ಕೈಗೆತ್ತಿಕೊಂಡ ದಿನವನ್ನು ನೆನೆದಾಗಲೆಲ್ಲ ನನ್ನ ಮೂಗಿಗೆ ಬಡಿಯುವುದು ಹಲ್ಲುನೋವಿನ ಔಷಧದಂಥ ಆ ಘಾಟು. ಆದರೆ ಸ್ಯಾನ್ ಡಿಯಾಗೋದ ಆ ಕುಲುಮೆಯ ಇದ್ದಿಲಹೊಗೆಯಲ್ಲಿ ಲವಂಗ ನನಗೆ ಹೇಗೆ ಸಿಕ್ಕಿತು? ನೆನಪೆನ್ನುವುದು ನಮ್ಮ ಗರಾಜಿನ ಹಾಗೆ, ಓದುಗರೇ: ಇಟ್ಟದ್ದು ಇಟ್ಟಲ್ಲಿರುವುದಿಲ್ಲ, ಎಂದೂ ಇಡದೇ ಇದ್ದದ್ದು ಕೈಗೆ ಸಿಗುತ್ತದೆ.

ಇಷ್ಟಂತೂ ಖಚಿತ. 2003ರಲ್ಲಿ, ಸ್ಯಾನ್ ಡಿಯಾಗೋದಿಂದ ಎರಡು ತಾಸಿನ ದಾರಿಯ ಗ್ಲೆಂಡೇಲಿನಲ್ಲಿ ಪೈಪುಗಳ ನಕ್ಷೆ ಬರೆದುಕೊಂಡಿದ್ದ ನಾನು, ವಾಲ್ಟರ್ ಎಂಬ ವೃದ್ಧ ಕಮ್ಮಾರ ಜಪಾನೀ ಪದ್ಧತಿಯಲ್ಲಿ ಕೈಯಾರೆ ಬಡಿದು ಮಾಡಿದ ಕತ್ತಿಯೊಂದರ ಒಡೆಯನಾದೆ. ಅವನ ಷರತ್ತು ಒಂದೇ: "ಆಗಾಗ ತಂದು ತೋರಿಸಬೇಕು. ಹಾಳು ಮಾಡಿದ್ದು ಕಂಡರೆ ಕತ್ತಿ ಇಲ್ಲೇ ಉಳಿಯುತ್ತದೆ, ನೀನು ಮಾತ್ರ ಮನೆಗೆ ಹೋಗುತ್ತೀ." ಅಲಗನ್ನು ಬರಿಗೈಲಿ ಮುಟ್ಟಬಾರದು. ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ ಒರೆಸಿ, ನುಣ್ಣನೆಯ ಕಲ್ಲುಪುಡಿ ತಟ್ಟಿ, ಅದನ್ನೂ ಒರೆಸಿ, ಲವಂಗದ ಪರಿಮಳದ ಎಣ್ಣೆಯನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಸವರಿ, ಹರಿತವಾದ ಬಾಯಿ ಮೇಲಾಗುವಂತೆ ಮಲಗಿಸಬೇಕು. ಸಂಧ್ಯಾವಂದನೆಗೆ ಎಂದೋ ವಿದಾಯ ಹೇಳಿದ್ದ ನಾನು ಈ ವ್ರತವನ್ನು ಒಂದು ತಿಂಗಳೂ ತಪ್ಪಿಸಲಿಲ್ಲ.

ಅದೇ ವರ್ಷದ ಆಯುಧಪೂಜೆ. ಅಲ್ಲಿಯವರೆಗೆ ವ್ಯಾನು, ಲ್ಯಾಪ್‌ಟಾಪು, ಮಿಕ್ಸಿಗಳನ್ನೇ ಆಯುಧಗಳೆಂದು ದೇವರಿಗೆ ನಂಬಿಸಿಕೊಂಡು ಬಂದಿದ್ದ ನಮ್ಮ ಬಳಗಕ್ಕೆ ಆ ಸಲ ಸಾಕ್ಷಾತ್ ಆಯುಧವೇ ದೊರಕಿತ್ತು. ನೋಡಲು ದೂರದ ವೆಸ್ಟ್ ಕೊವಿನಾದಿಂದಲೂ ಜನ ಬಂದರು. ನಾನು ಎಷ್ಟು ಬೀಗಿದ್ದೆನೆಂದರೆ, ಆ ದಿನದ ಫೋಟೋಗಳಲ್ಲಿ ಕತ್ತಿಗಿಂತ ನನ್ನ ಎದೆಯೇ ಮುಂದಿದೆ. ಎರಡು ದಿನ ಬಿಟ್ಟು, ನಿಂಬೆರಸದಲ್ಲಿ ಕಲಸಿ ಇಟ್ಟಿದ್ದ ಕುಂಕುಮದ ಬೊಟ್ಟನ್ನು ಅಲಗಿನಿಂದ ಒರೆಸಿದೆ. ಕುಂಕುಮ ಹೋಯಿತು; ಅದರಡಿಯಲ್ಲಿ ಕಂದು ಕಲೆಯೊಂದು, ಉಂಗುರಬೆರಳಿನ ಗೆರೆಗಳ ಸಮೇತ, ಉಕ್ಕಿನಲ್ಲೇ ಕೂತಿತ್ತು.

"ಬೊಟ್ಟು ಇಟ್ಟವಳು ನೀನೇ" ಎಂದೆ ಹೆಂಡತಿಗೆ. ಶಾರದಾ ಧಾರವಾಡದವಳು, ಸುಮ್ಮನಿರುವ ಪೈಕಿಯಲ್ಲ.

"ಛಲೋ ಆತು! ಎಲ್ಲಾರ ಮುಂದ ಮೀಸಿ ತಿರುವಿಕೋತ ನೀವ ಹಚ್ಚಿದ್ರಿ. ನಾ ಒಳಗ ಕೋಸಂಬರಿ ಮಾಡ್ಲಿಕತ್ತಿದ್ದೆ."

ನಾಲ್ಕು ವರ್ಷ ಬಂದವರಿಗೆಲ್ಲ ಕತ್ತಿ ತೋರಿಸಿದೆ, ಕಲೆ ಕಂಡಾಗಲೆಲ್ಲ ಬೆರಳನ್ನು ಅಡುಗೆಮನೆಯತ್ತ ಚಾಚಿದೆ. ವಾಲ್ಟರನ ಬಳಿಗೆ ಮಾತ್ರ ಹೋಗಲಿಲ್ಲ. ಅವನು ಕರೆದಾಗಲೆಲ್ಲ ನೆವ ಹೇಳಿದೆ. ಕಡೆಗೆ ಅವನೇ ಫೋನು ಮಾಡಿ, "ನನಗೆ ಎಂಬತ್ತು ತುಂಬಿತು, ಈಗ ಬಾ" ಎಂದ. ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಪಕ್ಕದಲ್ಲಿದ್ದ ಶಾರದಾ ಮಾತಾಡುವುದು ಬಿಡಲಿಲ್ಲ.

ವಾಲ್ಟರ್ ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಕಲೆಯ ಬಳಿ ಬಂದಾಗ ಭೂತಗನ್ನಡಿ ತೆಗೆದ. ಕತ್ತಿ ಹೋಯಿತು ಎಂದುಕೊಂಡೆ.

"ಎಷ್ಟು ಹಳೆಯದು?"

"ನಾಲ್ಕು ವರ್ಷ."

"ನಾಲ್ಕು ವರ್ಷದಲ್ಲಿ ಕೂದಲೆಳೆಯಷ್ಟೂ ಹರಡಿಲ್ಲ. ಚೆನ್ನಾಗಿ ಸಾಕಿದ್ದೀ. ತೆಗೆಯಬೇಕೆಂದರೆ ಉಕ್ಕನ್ನೇ ಸವೆಸಬೇಕು, ನಾನು ತೆಗೆಯುವುದಿಲ್ಲ." ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಮರಳಿಸುತ್ತ ಕೇಳಿದ: "ಬೆರಳು ಯಾರದು?"

"ನನ್ನದು" ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಫ್ರೀವೇ ಹತ್ತುವವರೆಗೆ ಶಾರದಾ ತಡೆದುಕೊಂಡಳು. "ನಾಕು ವರ್ಷ ಆ ಬೊಟ್ಟು ನಂದಿತ್ತಲ್ರೀ! ಶಾಭಾಸ್ ಅಂದ ಕೂಡ್ಲೆ ನಿಮ್ಮದಾತೇನು?"

ಮನೆಗೆ ಬಂದು ಎಂದಿನಂತೆ ಎಣ್ಣೆ ಸವರಿದೆ. ಕೋಣೆಯ ತುಂಬ ಲವಂಗ. ಕಲೆಯ ಪಕ್ಕದಲ್ಲಿ ನನ್ನ ಉಂಗುರಬೆರಳನ್ನು ಹಿಡಿದು ಗೆರೆ ಹೋಲಿಸಿ ನೋಡಬಹುದಿತ್ತು. ಭೂತಗನ್ನಡಿಯೂ ಮೇಜಿನ ಖಾನೆಯಲ್ಲೇ ಇತ್ತು. ನೋಡಲಿಲ್ಲ. ಆ ಬೊಟ್ಟು ಇಟ್ಟವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.