ದಿಲ್ಲಿ ಸೀಟು ಇನ್ನೂ ವೇಟಿಂಗ್

ಸ್ನೇಹಿತರೇ, ಇವತ್ತು ಪಕ್ಕದ ಮನೆಯ ಶರಣಮ್ಮ ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಮತ್ತೆ ಕೇಳಿದರು: "ದಿಲ್ಲಿ ಸೀಟು ಏನಾಯ್ತವ್ವಾ?"

ದಿಲ್ಲಿಯ ಒಂದು ದೊಡ್ಡ ವಿಶ್ವವಿದ್ಯಾಲಯದ ಎಂ.ಎ. ವೇಟಿಂಗ್ ಪಟ್ಟಿಯಲ್ಲಿ ನನ್ನ ಹೆಸರು ತೀರ ಕೆಳಗಿದೆ. "ಇನ್ನಾ ವೇಟಿಂಗ್ ಅದ ಆಯಿ," ಎಂದೆ.

"ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಜನರಲ್ ಡಬ್ಬ್ಯಾಗ ಹತ್ತು. ಯಾರರೆ ಸರದು ಕುಂದ್ರಸ್ಕೋತಾರ."

ನಮ್ಮ ಇಡೀ ವಾಡಿ ಊರಿನಲ್ಲಿ ನನ್ನ ಸೀಟಿನ ಬಗ್ಗೆ ಕೇಳುವವರು ಇವರೊಬ್ಬರೇ. ಇವರೂ ಇಷ್ಟು ದಿನ ಕೇಳುತ್ತಿದ್ದುದು ರೈಲಿನ ಸೀಟು!

ಆ ವಿಶ್ವವಿದ್ಯಾಲಯಕ್ಕೆ ಜನರಲ್ ಡಬ್ಬಿ ಇಲ್ಲ ಎಂದು ತಿದ್ದಬಹುದಿತ್ತು. ಆದರೆ ತಿದ್ದಿದರೆ ನಾಳೆಯಿಂದ ಕೇಳುವವರೂ ಇರುವುದಿಲ್ಲ.

ಆಯಿ ಮೊರ ಎಳೆದುಕೊಂಡು ಸರಿದರು. "ಯಾಕ ನಿಂತಿ? ಬಾ, ಕುಂದ್ರು."

ಸದ್ಯಕ್ಕೆ ನನಗೆ ಕನ್‌ಫರ್ಮ್ ಆಗಿರುವ ಸೀಟು ಅದೊಂದೇ.