ಮಡಿಕೇರಿಯಲ್ಲಿ ಎರಡು ಲೈನು

ಶನಿವಾರಸಂತೆಯಿಂದ ಮಡಿಕೇರಿಗೆ ಬಸ್ಸಿನ ಚಾರ್ಜು ಒಂದು ರೂಪಾಯಿ ಹನ್ನೆರಡಾಣೆ. ಬೆಳಗ್ಗೆ ಏಳಕ್ಕೆ ಹೊರಟವಳು ಸೋಮವಾರಪೇಟೆಯಲ್ಲಿ ಎರಡು ಇಡ್ಲಿ ತಿಂದು, ಹನ್ನೊಂದರ ಹೊತ್ತಿಗೆ ಮಡಿಕೇರಿಯಲ್ಲಿ ಇಳಿದೆ. ಮಳೆ ನಿಂತು ಮಂಜು ಕವಿದಿತ್ತು. ಹದಿಮೂರು ವರ್ಷದ ಹಿಂದೆ ನಾನು ಓದಿದ ಊರು. ಹಳೆಯ ಕೇರಿಗಳನ್ನು ನಡೆದು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದು ಅರ್ಧ ನಿಜ. ಬಂದದ್ದು ಸೀತೆಯನ್ನು ಹುಡುಕಿಕೊಂಡು.

ಸೀತೆ ಶಾಲೆಯಲ್ಲಿ ನನ್ನ ಬೆಂಚಿನವಳು. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಗಾಜಿನ ಕೊಳವೆಯಿತ್ತು. ಎಷ್ಟು ಇಂಚು ಬಿತ್ತೆಂದು ದಿನವೂ ಬರೆಯುವ ಕೆಲಸ ಅವಳದ್ದು. ಒಂದು ಸಂಜೆ ಅದನ್ನು ಒಡೆದದ್ದು ನಾನು, ಬೈಸಿಕೊಂಡದ್ದು ಅವಳು. ಅವಳ ಫೀಸಿನ ಮಾಫಿ ಹೋಯಿತು, ಅದರ ಹಿಂದೆಯೇ ಶಾಲೆಯೂ ಹೋಯಿತು. ನಾನು ಬಾಯಿ ಬಿಡಲಿಲ್ಲ. ಈಗಲಾದರೂ ಅವಳೆದುರು ಹೇಳಿಬಿಡಬೇಕಿತ್ತು.

ಕೊಡಗಿಗೆ ತನ್ನದೇ ಮಂತ್ರಿಗಳು ಬಂದ ಮೇಲೆ ಪೇಟೆ ಬದಲಾಗಿದೆಯೆಂದು ಕೇಳಿದ್ದೆ. ಇಷ್ಟೆಂದು ಅಂದುಕೊಂಡಿರಲಿಲ್ಲ. ಮಹದೇವಪೇಟೆಯಲ್ಲಿ ಬಳೆ ಅಂಗಡಿಗಳಿದ್ದ ಕಡೆ ರೇಡಿಯೋ ಒದರುತ್ತಿತ್ತು. ಏರು ಹತ್ತಿ ಗೌಳಿಬೀದಿಗೆ ಹೋದರೆ, ಹೆಸರಿಗೊಂದು ಎಮ್ಮೆಯೂ ಕಾಣಲಿಲ್ಲ. ನಾವು ನೀರು ಸೇದುತ್ತಿದ್ದ ಬಾವಿಗೆ ಚಪ್ಪಡಿ ಎಳೆದು, ಮೇಲೆ ಸೋಡಾ ಬಾಟಲಿ ಜೋಡಿಸಿದ್ದರು. ಸೀತೆಯ ಮನೆಯ ಜಾಗದಲ್ಲಿ ಲಾರಿ ಶೆಡ್ಡು. ಗೋಡೆಯ ಗುರುತು ಕೂಡ ಇಲ್ಲ. ನಾನು ಬರುವವರೆಗೆ ಊರು ಹಾಗೇ ಕಾದಿರುತ್ತದೆಂದು ನಂಬಿದ್ದ ನನ್ನ ದಡ್ಡತನಕ್ಕೆ ಏನು ಹೇಳಲಿ?

ಸೋಡಾ ಮಾರುವ ಮಾಪಿಳ್ಳೆ ಕಾಕನನ್ನು ಕೇಳಿದೆ.

"ಸೀತಮ್ಮನಾ? ರೈಟರ್ ಹೆಂಡ್ತಿ. ಈಗ ಲೈನಲ್ಲಿ ಉಂಟಲ್ಲ," ಎಂದರು.

ನನ್ನ ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರು, ಆಳುಗಳ ಹಾಜರಿ ಬರೆಯುವವರು. ಲೈನೆಂದರೆ ನನಗೆ ಆಳುಗಳ ಸಾಲುಮನೆ. ರೈಟರಿಗೆ ಬೇರೆ ಮನೆ ಕೊಡುವುದು ವಾಡಿಕೆ. ಇವಳ ಸ್ಥಿತಿ ಲೈನಿಗೆ ಇಳಿಯಿತೇ ಎಂದುಕೊಂಡೆ. ಹತ್ತಿರದ ಎಸ್ಟೇಟು ಎಲ್ಲಿ ಎಂದು ಕೇಳಿ, ಮೂರು ಮೈಲಿ ಕೆಸರು ತುಳಿದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನನ್ನೇ ಶಪಿಸಿಕೊಂಡೆ.

ಅಲ್ಲಿಯ ರೈಟರು ನಕ್ಕರು. "ಆ ಹೆಸ್ರಿನವ್ರು ನಮ್ಮಲ್ಲಿ ಇಲ್ಲಮ್ಮ. ನೀವು ಕೇಳೋದು ಪೊಲೀಸ್ ಸ್ಟೇಷನ್ ರೈಟರ್ನ ಇರ್ಬೇಕು. ಪೊಲೀಸ್ ಲೈನು ಪೇಟೇಲೇ ಉಂಟಲ್ಲ."

ಸದ್ಯ, ಅವಳು ಚೆನ್ನಾಗಿಯೇ ಇದ್ದಾಳೆ ಎನಿಸಿತು. ನನ್ನ ತಪ್ಪೂ ಅಷ್ಟೇನೂ ದೊಡ್ಡದಲ್ಲವೆಂದು, ನಾಚಿಕೆಯಿಲ್ಲದೆ, ಹಗುರಾಗಿ ನಡೆದೆ.

ಪೊಲೀಸ್ ಲೈನು ಮುಟ್ಟಿದಾಗ ನಾಲ್ಕು ಗಂಟೆ. ಮೂರನೆಯ ಮನೆಯ ಬಾಗಿಲಲ್ಲಿ ಸೀತೆ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು.

"ಬನ್ನಿ, ಕೂತ್ಕೊಳ್ಳಿ."

"ನಾನು ಕಣೇ, ಗಿರಿಜೆ."

"ಮೆಟ್ಲು ಹತ್ತುವಾಗ್ಲೇ ಗೊತ್ತಾಯ್ತು. ಕೂತ್ಕೊಳ್ಳಿ."

ಬೆಲ್ಲದ ಕಾಫಿ ತಂದಿಟ್ಟಳು. ಲೋಟ ಮುಟ್ಟದೆ ಹೇಳಿಬಿಟ್ಟೆ: "ಆವತ್ತು ಆ ಗಾಜು ಒಡೆದದ್ದು ನಾನು."

"ಗೊತ್ತು. ನಾನು ಕಿಟಕಿ ಹತ್ರವೇ ಇದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಸೀತೆ?"

"ನೀನೇ ಹೇಳ್ತೀಯ ಅಂತ ಇದ್ದೆ. ಶಾಲೆ ಬಿಟ್ಟ ಮೇಲೂ ದಿನಾ ಸಂಜೆ ಜಗಲೀಲಿ ಕೂತು ನೋಡ್ತಿದ್ದೆ, ಇವತ್ತು ಬರ್ತೀಯ ಅಂತ."

ಬಂದಾಗಿನಿಂದ ಆ ಒಂದು ಸಲ ಮಾತ್ರ 'ನೀನು' ಎಂದಳು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಲೋಟವನ್ನು ನನ್ನ ಕಡೆ ಸರಿಸಿದಳು.

"ಕಾಫಿ ಕುಡೀರಿ. ನಿಮ್ಗೆ ಐದರ ಬಸ್ಸು ತಪ್ತದೆ."