ಆಟಿ ತಿಂಗಳಲ್ಲಿ ಅಪೀಲು

ಐದಕ್ಕೆ ನಲ್ಲಿ ನೀರು, ಐದೂವರೆಗೆ ಹಾಲು, ಏಳು ಹದಿನೆಂಟರ ಲೋಕಲ್ಲಿಗೆ ಯಜಮಾನರ ಡಬ್ಬಿ. ನಮ್ಮ ಡೊಂಬಿವಲಿಯ ಬೆಳಗು ಇಷ್ಟೇ. ಚಪ್ಪಲಿ ಮೆಟ್ಟುತ್ತ ಅವರು, "ಫಾರ್ಮ್ ತುಂಬಿದೇನು? ಶುಕ್ರವಾರ ಕಡೇ ದಿನ" ಎಂದರು. ನವಿ ಮುಂಬಯಿಯ ಮನೆಯೊಂದಕ್ಕೆ ಹಾಕಬೇಕಾದ ಅರ್ಜಿ ವಾರದಿಂದ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು. ಒಗ್ಗರಣೆಯ ಸದ್ದಿನಲ್ಲಿ ಕೇಳಿಸದವಳಂತೆ ನಿಂತೆ.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ಸ್ಟೀಲ್ ಲೋಟದಲ್ಲಿ ಪಾಲೆಮರದ ತೊಗಟೆಯ ಕಷಾಯ ತಂದಿಟ್ಟು ಹೋದರು. ಆಟಿ ಅಮಾವಾಸ್ಯೆಯ ದಿನ ತುಳುನಾಡಿನವರು ಬರಿಹೊಟ್ಟೆಯಲ್ಲಿ ಕುಡಿಯುವ ಕಹಿ ಅದು. ಮೂಗು ಹಿಡಿದು ಕುಡಿದೆ. ಬೆಳ್ಳುಳ್ಳಿ, ಓಮದ ಘಾಟಿನ ಜೊತೆಗೇ ಗಿರಿಜಕ್ಕನ ಹಳೆಯ ಕೋರ್ಟು ಕೇಸೂ ತಲೆಗೇರಿತು.

ಆಟಿ ಎಂದರೆ ಯಾವ ಹೊಸ ಕೆಲಸಕ್ಕೂ ಕೈಹಾಕಬಾರದ ಮಳೆಗಾಲದ ತಿಂಗಳು. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಬಾಯಿ ಮುಚ್ಚಿ ಅಗಿಯುವುದನ್ನು ಮತ್ತು ಚಂದದ ಇಂಗ್ಲಿಷಿನಲ್ಲಿ ರಜಾ ಚೀಟಿ ಬರೆಯುವುದನ್ನು. ಆಟಿ ಪಠ್ಯದಲ್ಲಿರಲಿಲ್ಲ.

ಆರೇಳು ವರ್ಷಗಳ ಹಿಂದಿನ ಮಾತು. ಗಿರಿಜಕ್ಕನ ಗಂಡ ಸಂಜೀವಣ್ಣ ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು. ಇನ್ಸ್‌ಪೆಕ್ಟರು ಹಾಲಿನ ಸ್ಯಾಂಪಲ್ ಒಯ್ದರು, ಹಾಲಿನಲ್ಲಿ ನೀರು ಸಿಕ್ಕಿತು. ಬೆರೆಸಿದವನು ಹಾಲಿನವನೋ ಧಣಿಯೋ ದೇವರಿಗೇ ಗೊತ್ತು; ಗಲ್ಲಾದ ಹಿಂದೆ ನಿಂತಿದ್ದವರು ಸಂಜೀವಣ್ಣ. ಆರು ತಿಂಗಳ ಸಜೆಯಾಯಿತು. ಮೂವತ್ತು ದಿನದೊಳಗೆ ಮೇಲಿನ ಕೋರ್ಟಿಗೆ ಅಪೀಲು ಹಾಕಬೇಕು, ಅಲ್ಲಿಯವರೆಗೆ ಜಾಮೀನು. ಆ ಗಡುವು ಮುಗಿದದ್ದು ಆಟಿ ಕಳೆಯಲು ಇನ್ನೂ ಹತ್ತು ದಿನ ಇರುವಾಗ.

"ಆಟಿಯಲ್ಲಿ ಅಪೀಲಾ? ಸೋಲ್ಲಿಕ್ಕೇ ಹಾಕಿದ ಹಾಗೆ ಮಾರಾಯ್ರೆ" ಎಂದು ಗಿರಿಜಕ್ಕ ಅಡ್ಡ ನಿಂತರು. ಆಟಿ ಕಳೆದು ಇಬ್ಬರೂ ಹಣೆಗೆ ಕುಂಕುಮವಿಟ್ಟುಕೊಂಡು ವಕೀಲರ ಬಳಿ ಹೋದಾಗ ಹನ್ನೊಂದು ದಿನ ತಡವಾಗಿತ್ತು. ಕೋರ್ಟು ತಡವನ್ನು ಮನ್ನಿಸದಿದ್ದರೆ ಸಂಜೀವಣ್ಣ ಸೀದಾ ಜೈಲಿಗೆ. ಒಂದೊಂದು ದಿನಕ್ಕೂ ಕಾರಣ ಕೊಡಬೇಕು, ಪಂಚಾಂಗ ನಡೆಯುವುದಿಲ್ಲ, ಕಾಮಾಲೆ ಎನ್ನಿ ಎಂದರು ವಕೀಲರು. ಇಂಗ್ಲಿಷಿನಲ್ಲಿ ಒಕ್ಕಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಜಾ ಚೀಟಿ ಬರೆದ ಕೈಯಲ್ಲವೇ? ರೋಗಿಯ ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವೆಂದು ಬರೆದು, ಎರಡು ಸಲ ಓದಿ ಬೀಗಿದೆ.

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಆ ವಾಕ್ಯವನ್ನೇ ಗಟ್ಟಿಯಾಗಿ ಓದಿದರು. ಎಲ್ಲರೂ ಸಂಜೀವಣ್ಣನನ್ನು ನೋಡಿದರು. ಪಾಪ, ಅವರು ನೋಡುವವರಿಗೆ ಅನುಕೂಲವಾಗಲೆಂದು ಕಣ್ಣು ಅಗಲಿಸಿ ನಿಂತರು.

ಸರಕಾರಿ ವಕೀಲರು ಎದ್ದು ಮರಾಠಿಯಲ್ಲಿ, "ಸಾಹೇಬ, ಈ ಹನ್ನೊಂದು ದಿನವೂ ಹೋಟೆಲಿನಲ್ಲಿ ನನಗೆ ಚಹಾ ಕೊಟ್ಟದ್ದು ಇದೇ ರೋಗಿ" ಎಂದರು.

ಗಿರಿಜಕ್ಕನ ಪಕ್ಕ ಬೆಂಚಿನಲ್ಲಿ ಕೂತಿದ್ದ ನಾನು ಸುಳ್ಳು ಬರೆದ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

"ಖರೇ ಕಾರಣ ಏನು?" ಸಾಹೇಬರು ಕೇಳಿದರು. ಸಂಜೀವಣ್ಣ ನಮ್ಮ ಬೆಂಚಿನಲ್ಲಿದ್ದ ಹೆಂಡತಿಯ ಕಡೆ ಕೈ ತೋರಿಸಿದರು. "ಬಾಯ್ಕೋ ಬೇಡ ಅಂದಳು ಸಾಹೇಬ. ತಿಂಗಳು ಒಳ್ಳೇದಿರಲಿಲ್ಲ."

ಸಾಹೇಬರು ಗಿರಿಜಕ್ಕನನ್ನು ನೋಡಿದರು. ಸಾಹೇಬರ ಮನೆಯಲ್ಲೂ ಒಂದು ಪಂಚಾಂಗವಿದ್ದಿರಬೇಕು. ಆಮೇಲೆ ಸರಕಾರಿ ವಕೀಲರತ್ತ ತಿರುಗಿ, "ದಿನಾ ಅಲ್ಲೇ ಕುಡೀತೀರಿ. ಚಹಾದ ಹಾಲು ಹೇಗಿರ್ತದೆ?" ಎಂದರು.

ಸರಕಾರಿ ವಕೀಲರು ಕಾಗದ ಜೋಡಿಸತೊಡಗಿದರು.

ಕಾಮಾಲೆಯನ್ನು ಹಿಂತೆಗೆದುಕೊಂಡು ನಿಜವನ್ನು ಬರೆದು ತರಬೇಕೆಂದು ಬೈಸಿಕೊಂಡೆವು. ಎರಡನೆಯ ಒಕ್ಕಣೆಯೂ ನನ್ನದೇ; ಅದರಲ್ಲಿ ಅಲಂಕಾರವಿರಲಿಲ್ಲ. ತಡ ಮಾಫಾಯಿತು, ಮರುವರ್ಷ ಸಜೆಯೂ ರದ್ದಾಯಿತು. ಆದರೆ ನನಗೆ ನೆನಪಿರುವುದು ಕೋರ್ಟಿನಿಂದ ಮರಳಿದ ಆ ಮೊದಲ ದಿನ. ಗಿರಿಜಕ್ಕ ಲೋಕಲ್ಲಿನ ಲೇಡೀಸ್ ಡಬ್ಬಿ ಹತ್ತಲಿಲ್ಲ. ಗಂಡಸರ ನೂಕುನುಗ್ಗಲಿನಲ್ಲಿ ಗಂಡನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಠಾಣೆಯಿಂದ ಡೊಂಬಿವಲಿಯವರೆಗೆ ನಿಂತಿದ್ದರು.

ಇಂದು ಸಂಜೆ ಗಿರಿಜಕ್ಕ ಕಷಾಯದ ಲೋಟ ಒಯ್ಯಲು ಬಂದಾಗ ಮೊಳೆಗೆ ಸಿಕ್ಕಿಸಿದ್ದ ಅರ್ಜಿ ಕಣ್ಣಿಗೆ ಬಿತ್ತು.

"ಇದಿನ್ನೂ ಕೊಡ್ಲಿಲ್ವಾ ನೀವು?"

"ಆಟಿ ಮುಗೀಲಿ ಅಂತ ಇಟ್ಟೀನ್ರಿ, ಗಿರಿಜಕ್ಕ" ಎಂದೆ. ಇಷ್ಟು ವರ್ಷದ ನೆರೆಯಲ್ಲಿ ಅಂಟಿದ್ದು, ಏನು ಮಾಡಲಿ?

ಗಿರಿಜಕ್ಕ ಲೋಟದ ತಳದ ಗಸಿಯನ್ನು ಮೋರಿಗೆ ಚೆಲ್ಲಿ, "ಆಟಿ ಗೀಟಿ ಎಲ್ಲ ನಾನು ಆ ರೈಲಿನಲ್ಲೇ ಬಿಟ್ಟೆ. ಕಷಾಯ ಮಾತ್ರ ಮಾಡೂದು, ಹೊಟ್ಟೆಗೆ ಒಳ್ಳೇದು ಅಂತ" ಎಂದರು.